ಗುಮ್ಮಟದೊಳಗೆ ಇವರ ಹೆಸರು

ಅಷ್ಟು ದೂರದಿಂದ ಇವರ ಮುಖ ಸರಿಯಾಗಿ ಕಾಣುವುದಿಲ್ಲ, ಕಿವಿಗೆ ಆನಿಸಿಕೊಂಡ ಅಂಗೈ ಮಾತ್ರ ಕಾಣುತ್ತದೆ, ಕೆನ್ನೆಯನ್ನು ಗೋಡೆಗೆ ಒತ್ತಿ ನಿಂತಿದ್ದಾರೆ, ಗುಮ್ಮಟದ ಆಚೆ ಮಗ್ಗುಲಿಗೆ, ನಡುವೆ ಇಷ್ಟು ದೊಡ್ಡ ಬಯಲು, ಕೆಳಗೆ ಗೋರಿಗಳು, ಇಣುಕಬಾರದು, ತಲೆ ತಿರುಗುತ್ತದೆ — ಸಣ್ಣಂಗ ಮಾತಾಡ್ರಿ ಅಕ್ಕಾರ, ಗೋಡಿಗೆ ಬಾಯಿ ಹಚ್ಚಿ, ಆ ಕಡಿ ಖಡಕ್ ಕೇಳಸ್ತೈತಿ ಎಂದು ಕಾವಲಿನ ದಾದಾಪೀರ ಹೇಳಿ ಸರಿದು ನಿಂತ, ನಾನು ಸೆರಗು ಮುಂದೆ ಎಳೆದುಕೊಂಡು ಹೇಳಿಯೂ ಬಿಟ್ಟೆ, ಮಂಗಳವಾರ ನನ್ನ ಎದಿ ಕೊಯ್ತಾರಲ್ರಿ, ಭಾಳ ಅಂಜಿಕಿ ಬರಾಕತ್ತೈತಿ, ನೀವು ಬಾಗಲದಾಗ ಕುಂತಿರ್ತೀರಿಲ್ಲೋ — ಎದುರು ನಿಂತು ಹೇಳಲಾಗದ ಮಾತು, ಗೋಡೆಗಾದರೆ ಹೇಳಬಹುದು, ಗೋಡೆ ಅದನ್ನು ಒಯ್ದು ಇವರಿಗೆ ಮುಟ್ಟಿಸುತ್ತದೆ, ಅಷ್ಟೇ ನನ್ನ ಲೆಕ್ಕ. ಇವರು ನಕ್ಕರು. ಬಾಯಿ ತುಂಬ ನಕ್ಕು ನನ್ನ ಕಡೆ ಕೈ ಬೀಸಿದರು, ಜಾತ್ರೆಯ ತೊಟ್ಟಿಲಲ್ಲಿ ಕುಳಿತವರು ಬೀಸುವ ಹಾಗೆ, ಮತ್ತೆ ಕಿವಿಯನ್ನು ಗೋಡೆಗೆ ಹಚ್ಚಿದರು.

ನಗುವ ಮಾತೇ ಅದು? ಇವರ ಪಕ್ಕದಲ್ಲಿ ಹಸಿರು ಸೀರೆಯ ಹೆಂಗಸೊಬ್ಬಳಿದ್ದಾಳೆ, ಯಾವ ಊರಿನವಳೋ, ಅವಳೂ ಅಲ್ಲೇ ಕಿವಿ ಕೊಟ್ಟಿದ್ದಳು, ಅವಳು ನಗಲಿಲ್ಲ, ಬಾಯಿಗೆ ಕೈ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಾಳೆ, ಮತ್ತೆ ಇವರನ್ನು ನೋಡುತ್ತಾಳೆ, ಮತ್ತೆ ನನ್ನನ್ನು — ಅಯ್ಯ ಶಿವನೇ, ಅವಳಿಗೆ ಕೇಳಿಸಿದೆ, ಗುರುತು ಪರಿಚಯ ಇಲ್ಲದವಳಿಗೆ ಕೇಳಿಸಿದೆ, ಇವರಿಗೆ — ರೀ ಎಂದೆ, ಸಣ್ಣಗೆ. ಇಲ್ಲ. ರೀ ಎಂದೆ, ಜೋರಾಗಿ, ಗುಮ್ಮಟದ ತುಂಬ ರೀ ರೀ ರೀ, ಶಾಲೆಯ ಮಕ್ಕಳು ಕಿಸಕ್ಕೆಂದರು, ಇವರ ತಲೆ ಅಲ್ಲಾಡಲಿಲ್ಲ. ಆಗ ಅದು ಬಾಯಿಂದ ಬಂದೇಬಿಟ್ಟಿತು, ಮದುವೆಯಲ್ಲಿ ಒಡಪು ಕಟ್ಟಿ, ನಾಚಿ ನಾಚಿ ಒಂದೇ ಸಲ ಹೇಳಿದ್ದ ಹೆಸರು, ಆಮೇಲೆ ರೇಷನ್ ಅಂಗಡಿಯಲ್ಲಿ ಕೇಳಿದರೂ ಪಕ್ಕದವರಿಂದ ಹೇಳಿಸಿದ ಹೆಸರು, ಅಂದಾನಪ್ಪಾ! ಕೂಗಿದ್ದು ನಾನೇ ಏನು? ಅಂದಾನಪ್ಪ, ಅಂದಾನಪ್ಪ, ನೆತ್ತಿಯ ಮೇಲಿಂದ ಯಾರ್ಯಾರೋ ಕರೆದ ಹಾಗೆ ಸುತ್ತಿ ಸುತ್ತಿ ಬಂತು, ಅಲ್ಲಿದ್ದ ಗಂಡಸರೆಲ್ಲ ತಿರುಗಿ ನೋಡಿದರು, ಅಂದಾನಪ್ಪ ಅಲ್ಲದವರೆಲ್ಲ ತಿರುಗಿದರು. ಇವರು ಗೋಡೆಗೆ ಕಿವಿ ಹಚ್ಚಿಕೊಂಡು ನಗುತ್ತ ನಿಂತೇ ಇದ್ದಾರೆ.

ಕೇಳುವುದಿಲ್ಲ. ಇವರಿಗೆ ಕೇಳುವುದೇ ಇಲ್ಲ, ಯಾವಾಗಿನಿಂದ, ನಾನು ಹೆಂಡತಿ, ನನಗೆ ಗೊತ್ತಿಲ್ಲ! ಟೀವಿ ಜೋರು ಮಾಡಿದರೆ ಓಣಿ ಮಂದಿಗೆಲ್ಲಾ ಕೇಳಸ್ಬೇಕೇನು ಅಂತ ಬೈಯುತ್ತಿದ್ದೆ, ಕರೆದರೆ ಬರದಿದ್ದಾಗ ಸೊಕ್ಕು ಎಂದುಕೊಂಡೆ, ಬೆಟಗೇರಿಯ ಆ ಪವರಲೂಮಿನ ಶೆಡ್ಡು, ದಿನವಿಡೀ ಖಟಖಟ ಖಟಖಟ, ಬುತ್ತಿ ಕೊಡಲು ಹೋದರೆ ನನಗೇ ಎದೆ ನಡುಗುತ್ತಿತ್ತು, ಅಲ್ಲಿ ಯಾರೂ ಮಾತನ್ನು ಕಿವಿಯಿಂದ ಕೇಳುವುದಿಲ್ಲ, ಒಬ್ಬರ ತುಟಿ ಒಬ್ಬರು ನೋಡುತ್ತಾರೆ, ಕೈಸನ್ನೆ ಮಾಡುತ್ತಾರೆ, ಅಷ್ಟರಲ್ಲೇ ಹಾಸ್ಯ, ಜಗಳ, ಎಲ್ಲ. ತುಟಿ. ನಿನ್ನ ಗಂಡನ್ನ ನೋಡ್ಲೇ ಕಾಂಚನಾ, ನೀ ಮಾತಾಡೂಮುಂದ ನಿನ್ನ ಮಾರಿ ಮ್ಯಾಲಿಂದ ಕಣ್ಣ ತಗಿಯಂಗಿಲ್ಲ ಅಂತ ಮಗ್ಗುಲ ಮನೆಯ ಸುಮಿತ್ರವ್ವ ಕಾಡಿಸುತ್ತಿದ್ದಳು, ನಾನೂ ಹೌದೆಂದು ಬೀಗಿದೆ, ಇಷ್ಟು ವರ್ಷವಾದರೂ ಹೀಗೆ ನೋಡುತ್ತಾರಲ್ಲ ಎಂದು ಕನ್ನಡಿಯ ಮುಂದೆ ಒಂದು ಗಳಿಗೆ ಹೆಚ್ಚು ನಿಂತೆ — ಮುಖವನ್ನಲ್ಲ, ತುಟಿಯನ್ನು ಓದುತ್ತಿದ್ದರು. ಸಿಟ್ಟು ಬರುತ್ತಿದೆ, ಅಳು ಬರುತ್ತಿದೆ, ಯಾವುದು ಮೊದಲು ಎಂದು ತಿಳಿಯುತ್ತಿಲ್ಲ.

ಹಾಗಾದರೆ ಗುರುವಾರ — ತಡಿ, ಗುರುವಾರ. ನಾನು ರೊಟ್ಟಿ ಬಡಿಯುತ್ತಿದ್ದೆ, ಇವರು ಹಿಂದೆ ಮಣೆಯ ಮೇಲೆ ಉಣ್ಣುತ್ತಿದ್ದರು, ಎದೆಯ ಮಾತು, ಗಂಡನಾದರೇನು, ಮುಖ ಕೊಟ್ಟು ಹೇಗೆ ಹೇಳಲಿ, ಒಲೆಯ ಕಡೆ ತಿರುಗಿಕೊಂಡೇ ಹೇಳಿದೆ, ದವಾಖಾನ್ಯಾಗ ಹೇಳಿದ್ರು, ಎದಿಯಾಗ ಗಂಟು ಐತಂತರಿ, ಕೆಟ್ಟದ್ದಂತ, ಮಂಗಳವಾರ ಕೊಯ್ದು ತಗೀತಾರಂತ, ಬೆನ್ನು ಇವರ ಕಡೆಗಿತ್ತು, ಬೆನ್ನಿಗೆ ತುಟಿ ಇರುತ್ತದೆಯೇ! ರೊಟ್ಟಿ ಬಡಿಯುವ ಕೈ ನಿಂತದ್ದನ್ನು ನೋಡಿ ಏನೋ ಕೇಳಿದಳು ಎಂದುಕೊಂಡಿರಬೇಕು, ಆತು ತಗೋ, ಹಂಗ ಮಾಡೂಣು ಎಂದರು, ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ಆ ಆತು ಎಂಬ ಒಂದು ಮಾತನ್ನು ಹಿಡಿದುಕೊಂಡು ಮೂರು ದಿನ ಕಳೆದೆ, ಎಂಥ ಗಂಡಸು, ಧೈರ್ಯಗೆಡಲಿಲ್ಲ, ನನ್ನನ್ನೂ ಕೆಡಿಸಲಿಲ್ಲ ಎಂದು, ಮರುದಿನ, ಶುಕ್ರವಾರ, ಈ ಐತ್ವಾರ ಇಜಾಪುರಕ್ಕ ಹೋಗೂಣಲೇ, ಲಗ್ನ ಆದಾಗಿಂದ ಅಂತೀನಿ ಎಂದಾಗ ಒಳಗೇ ಅತ್ತೆ, ಕೊಯ್ಯುವ ಮೊದಲು ಒಂದು ದಿನ ನನಗಾಗಿ ಕೊಡುತ್ತಿದ್ದಾರೆ ಎಂದು, ಗದಗಿನಲ್ಲಿ ರೈಲಿನ ಕಿಟಕಿ ಪಕ್ಕ ನನ್ನನ್ನೇ ಕೂರಿಸಿದರು, ಅದಕ್ಕೇ ಎಂದುಕೊಂಡೆ, ಟಾಂಗಾದಲ್ಲಿ ಊರ ಸುತ್ತಿನ ಕೋಟೆಗೋಡೆ ತೋರಿಸುತ್ತ ಎಂಥಾ ದಪ್ಪ ಗೋಡಿ ನೋಡಲೇ, ಒಳಗ ಒದರಿದರ ಹೊರಗ ಕೇಳಸಾಂಗಿಲ್ಲ ಎಂದು ನಕ್ಕರು, ನನ್ನನ್ನು ನಗಿಸಲು ಎಂದುಕೊಂಡೆ. ಒಂದೂ ಅಲ್ಲ. ಇವರು ಬರೀ ಊರು ನೋಡಲು ಬಂದಿದ್ದಾರೆ, ಶೆಡ್ಡಿಗೆ ರಜೆ ಇತ್ತು ಬಂದಿದ್ದಾರೆ. ಮೂರು ದಿನದಿಂದ ನಾನೊಬ್ಬಳೇ ಹೊತ್ತಿದ್ದೇನೆ, ಜೊತೆಗೊಬ್ಬರಿದ್ದಾರೆಂದು ನಂಬಿಕೊಂಡು.

ಹಸಿರು ಸೀರೆಯವಳು ಇವರ ತೋಳು ಮುಟ್ಟಿದಳು, ನನ್ನ ಕಡೆ ಕೈ ತೋರಿಸಿ ಏನೋ ಹೇಳುತ್ತಿದ್ದಾಳೆ, ಇವರು ಅವಳ ತುಟಿ ನೋಡುತ್ತಿದ್ದಾರೆ — ಬ್ಯಾಡವ್ವ, ನೀ ಹೇಳಬ್ಯಾಡ, ನಿನ್ನ ಬಾಯಿಂದ ಅವರಿಗೆ ಗೊತ್ತಾಗೂದು ಬ್ಯಾಡ — ಸೆರಗು ಅವಳ ಬಾಯಿಗೆ ಅಡ್ಡ ಇದೆ, ಇವರಿಗೆ ತಿಳಿಯಲಿಲ್ಲ, ತಿಳಿದವರಂತೆ ಗೋಣು ಹಾಕಿದರು. ನನ್ನತ್ತ ತಿರುಗಿದರು. ಬಾಯಿಗೆ ಎರಡೂ ಕೈ ಹಿಡಿದು, ಶೆಡ್ಡಿನಲ್ಲಿ ಕೂಗುವಷ್ಟು ಜೋರಾಗಿ, ಕೇಳಸ್ತಲೇ ಕಾಂಚನಾ, ಬಂಗಾರದಂಗ ಕೇಳಸ್ತು! ಕೇಳಸ್ತು, ಕೇಳಸ್ತು, ಕೇಳಸ್ತು, ಗುಮ್ಮಟ ಅದನ್ನೇ ಹೇಳುತ್ತದೆ, ದಾದಾಪೀರ ತಲೆ ತಗ್ಗಿಸಿ ನಿಂತ, ಇನ್ನೊಮ್ಮಿ ಹೇಳು ಎನ್ನುತ್ತಾರೆ ಇವರು, ನಾನು ಆ ಕಡೆಗೆ ನಡೆಯಬೇಕು, ಎದುರು ನಿಲ್ಲಬೇಕು, ಸೆರಗು ತೆಗೆದು, ಬಾಯಿ ತೋರಿಸಿ, ಒಂದೊಂದೇ ಅಕ್ಷರ, ಇವರು ಕಣ್ಣು ಮುಚ್ಚಿದರು, ಅಂಗೈ ಆನಿಸಿದರು, ನಗುತ್ತಲೇ ಗೋಡೆಗೆ ಹಚ್ಚಿದರು, ಕಿವಿ, ಆ ಕಿವಿ —