ಗಾಜಾದಿಂದ ಬಂದ ಕರಡಿಗೆ

ಬೂಟಿನ ಸದ್ದು, ಅಂಗಳದ ಚಪ್ಪಡಿಯ ಮೇಲೆ ಟಕ್ ಟಕ್, ಕಟ್ಟೆಮಳಲವಾಡಿಯಲ್ಲಿ ಬೂಟು ಹಾಕುವವರು ಇನ್ನಾರಿದ್ದಾರೆ, ಅವರೇ, ಸತ್ತು ನಾಲ್ಕು ತಿಂಗಳಾದ ನನ್ನ ಗಂಡ — ಶಿವನೇ, ನಾಲಿಗೆಗೆ ಬುದ್ಧಿ ಕೊಡು, ಸತ್ತಿರಲಿಲ್ಲವಲ್ಲ — ಹಸುವಿನ ಗಂಗೆದೊಗಲು ಮೊಣಕೈಗೆ ಬೆಚ್ಚಗೆ ತಾಗುತ್ತಿದೆ, ಕೊಟ್ಟಿಗೆ ಬುಟ್ಟು ಆಚೆ ಬಂದೀಯೆ, ಅಂದಿದ್ದಾರೆ ಅತ್ತೆ, ಮೊದ್ಲು ನಿನ್ ಮಕ ನೋಡ್ಬಾರ್ದು ಕಣೆ ಅವ್ನು. ಅವರು ಗಾಜಾ ಎಂಬ ಮರಳು ಸೀಮೆಗೆ ಹೋಗಿ ವರ್ಷವಾಯಿತು, ಕಚ್ಚಾಡೋ ಎರಡು ದೇಶದ ಮಧ್ಯೆ ನಿಲ್ಲೋದೇ ನಮ್ಮ ಪಲ್ಟನ್ ಕೆಲಸ ನೀಲಾ, ಯಾರ ಕಡೇನೂ ಸೇರಂಗಿಲ್ಲ, ಮೇಷ್ಟ್ರು ಆ ಕಾಗದ ಓದಿದಾಗ ಎಷ್ಟು ಹೆಮ್ಮೆ ನನಗೆ, ಆಮೇಲೆ ಬಂತು ಪೊಟ್ಟಣ, ಒಳಗೆ ಅವರು ಲಿಂಗವಿಟ್ಟು ಎದೆಗೆ ಕಟ್ಟುತ್ತಿದ್ದ ಬೆಳ್ಳಿ ಕರಡಿಗೆ, ಬರಿದು, ಲಿಂಗವಿಲ್ಲ, ಒಂದು ಸಾಲು ಕಾಗದವಿಲ್ಲ. ಮಠದಯ್ಯನವರು ಅದನ್ನು ಕಣ್ಣಿಗೊತ್ತಿಕೊಂಡರು, ಲಿಂಗ ಅಂಗೈಲಿಟ್ಟು ಮಣ್ಣು ಮಾಡವ್ರೆ ಕಣಮ್ಮ, ಕರಡಿಗೆ ಮನೆಗೆ ಕಳ್ಸವ್ರೆ. ಉಸಿರಿರುವವನ ಎದೆಯಿಂದ ಅದು ಇಳಿದೀತೆ, ಯಾರಿಗೂ ಅನುಮಾನ ಬರಲಿಲ್ಲ, ನನಗೂ ಬರಲಿಲ್ಲ, ಅದೇ ನನ್ನ ಪಾಪ. ನನ್ನ ಬಳೆ ಒಡೆಯಲು ಗುಂಡುಕಲ್ಲು ತಂದವರು ಅತ್ತೆಯೇ. ಹಸಿರು ಬಳೆ. ಒಂದು ಚೂರು ಮಣಿಕಟ್ಟಿನೊಳಗೇ ಮುರಿದು ಕೀವಾಯಿತು, ಮೂರನೆಯ ದಿನ ಜಾಲಿಮುಳ್ಳಿನಿಂದ ಎಬ್ಬಿಸಿ ತೆಗೆದೆ, ಹಸಿರು, ಎಸೆಯಲು ಮನಸ್ಸಾಗದೆ ಕರಡಿಗೆಯೊಳಗಿಟ್ಟೆ, ಇಬ್ಬರದೂ ಒಂದೇ ಕಡೆ ಇರಲಿ. ತಿಂಗಳು ಕಳೆದು ಅವರದೇ ಕಾಗದ — ನೆಲದಲ್ಲಿ ಹೂತ ಬಾಂಬು ಹುಡುಕೋ ಯಂತ್ರ ಎದೆಯ ಬೆಳ್ಳಿಗೂ ಕೂಗ್ತದೆ, ಲಿಂಗ ಬಟ್ಟೇಲಿ ಕಟ್ಕೊಂಡಿದೀನಿ, ಕರಡಿಗೆ ಕಳಿಸಿದ್ದು ತಲುಪಿತೆ, ಜೋಪಾನ. ಅತ್ತೆ ಊರಿಗೆಲ್ಲ ಸಕ್ಕರೆ ಹಂಚಿದರು, ಬಳೆ ತೊಡಿಸುತ್ತಾರೆಂದು ನಾನು ಎರಡೂ ಬರಿಗೈ ಚಾಚಿದೆ, ನನಗೂ ಸಕ್ಕರೆ ಹಾಕಿ ಮುಂದೆ ಹೋದರು.

ನೀಲ ಎಲ್ಲವ್ವಾ? ಅವರ ದನಿ, ಅದೇ. ಆ ಮುಂಡೇನ ಯಾಕಪ್ಪ ಕೇಳೀಯೆ ಗುರೂ, ಅತ್ತೆಯ ದನಿ. ಗುಂಡುಕಲ್ಲಂಗೆ ನಾನಿಲ್ಲೇ ನಿಂತಿವ್ನಿ, ಅವಳೆಂಗವ್ವ ಮುಂಡೆಯಾದ್ಲು? ನಗುತ್ತಿದ್ದಾರೆ, ಶಿವನೇ, ಆ ನಗು ನನ್ನ ಕಡೆಯದು — ಅತ್ತೆ ಬಿಡುತ್ತಿಲ್ಲ, ಒಡ್ದ ಬಳೆ ಕೂಡ್ತದಾ, ಗಂಡ ಬದ್ಕಿರುವಾಗ್ಲೇ ಬಳೆ ಒಡುಸ್ಕೊಂಡ ಅನಿಷ್ಟ, ಅವಳ ಜೊತೆ ಬಾಳಿದ್ರೆ ನೀ ಉಳಿಯಾಕಿಲ್ಲ, ರಾವಂದೂರಲ್ಲಿ ಎಣ್ಣು ಒಪ್ಕೊಂಡು ಬಂದಿವ್ನಿ. ಒಡೆದವರು ಯಾರು ಅಂತ ನಿಮ್ಮವ್ವನನ್ನು ಕೇಳಿ, ಒಂದು ಮಾತು ಕೇಳಿ — ಬೂಟು ನಿಂತಿದೆ, ಅಂಗಳದ ನಟ್ಟನಡುವೆ, ಅತ್ತೆಗೂ ಕೊಟ್ಟಿಗೆಗೂ ಸರಿಯಾಗಿ ಮಧ್ಯೆ, ಎಂಗಸರ ಜಗಳದಲ್ಲಿ ನಾ ಯಾರ ಕಡೇನೂ ಇಲ್ಲ ಕಣವ್ವ, ನಿಂಗೆಂಗ್ ತೋಚ್ತದೋ ಅಂಗ್ ಮಾಡು. ಟಕ್ ಟಕ್, ಬಾಗಿಲಿಗೇ ಬಂದರು, ಬೂಟ್ ಪಾಲಿಷ್ ವಾಸನೆ, ಹಣೆ ನೋಡಲಿಲ್ಲ, ಕೈ ನೋಡಲಿಲ್ಲ, ನನ್ ಕರಡಿಗೆ ಕೊಡಮ್ಮಿ. ಸೆರಗಿನ ಗಂಟು ಬಿಚ್ಚಿ ಕೊಟ್ಟೆ. ತೆರೆದರು, ಏನಿದು ಕಸ, ಬೆರಳಲ್ಲಿ ಚಿಮ್ಮಿದರು, ಬಟ್ಟೆಯಿಂದ ಲಿಂಗ ಬಿಚ್ಚಿ ಕಣ್ಣಿಗೊತ್ತಿಕೊಂಡು ಆ ಜಾಗದಲ್ಲಿಟ್ಟು ಮುಚ್ಚಿದರು, ಓಂ ನಮಃ ಶಿವಾಯ, ರೂಢಿಯಂತೆ ನನ್ನ ಬಾಯಿಯೂ ಅಂದಿತು, ಸಗಣಿಯ ಮೇಲೆ ಬಿದ್ದಿದೆ ಚೂರು, ಹಸು ಕಾಲೆತ್ತುತ್ತಿದೆ, ಹಸಿರು, ಇನ್ನೂ ಹಸಿರು, ಹಸಿರು