ಎಡಗೈಯ ಜರಡಿ

ನಾಲ್ಕನೇ ಕುಂಚದ ಬುಡದಲ್ಲಿ ಇನ್ನೂ ನೀಲಿ ಉಳಿದಿತ್ತು. ನುಜತ್ ಅದನ್ನು ಬಟ್ಟೆ ಸಾಬೂನಿನ ತುಂಡಿನ ಮೇಲೆ ತಿಕ್ಕಿ, ಅಂಗೈಯಲ್ಲಿ ತಿರುವಿ, ನಲ್ಲಿಯ ಕೆಳಗೆ ಹಿಡಿದಳು. ನೊರೆ ನೀಲಿಯಾಗಿಯೇ ಬಂತು. ಮತ್ತೆ ತಿಕ್ಕಿದಳು. ಶಾಲೆಯಲ್ಲಿ ಆರು ಪೀರಿಯಡ್ಡು ಮಕ್ಕಳ ಕೈಯಲ್ಲಿ ಮಾವಿನಹಣ್ಣು ಬರೆಸಿ ಬಂದಿದ್ದಳು. ಬಂದವಳೇ ಬೇಳೆಗೆ ಕುಕ್ಕರ್ ಇಟ್ಟು, ಅದು ಕೂಗುವುದರೊಳಗೆ ಕುಂಚ ತೊಳೆದುಬಿಡೋಣವೆಂದು ಬಚ್ಚಲಲ್ಲಿ ಕೂತಿದ್ದಳು. ಸೊಂಟ ನೋಯುತ್ತಿತ್ತು. ಆ ನೋವಿನ ಕಡೆ ಗಮನ ಕೊಡುವುದನ್ನೂ ಅವಳು ಈಚೆಗೆ ಬಿಟ್ಟಿದ್ದಳು.

"ಆಪಾ, ಇದ್ದೀರೇನ್ರಿ?"

ತಸ್ಲೀಮಳ ದನಿ. ಮಂಡಕ್ಕಿ ಭಟ್ಟಿಯಲ್ಲಿ ಹದಿನೆಂಟು ವರ್ಷದಿಂದ ಕೆಲಸ ಮಾಡುವವಳು. ಯಾವಾಗ ಬಂದರೂ ಒಂದು ಕವರಿನಲ್ಲಿ ಬಿಸಿ ಮಂಡಕ್ಕಿ ಹಿಡಿದೇ ಬರುತ್ತಿದ್ದಳು. ಇವತ್ತು ಅವಳ ಕೈಯಲ್ಲಿ ಮಡಚಿದ ಪೇಪರಿತ್ತು. ಬುರ್ಖಾದ ಮುಸುಕು ಮೇಲೆತ್ತಿ, ಬಚ್ಚಲ ಬಾಗಿಲಲ್ಲೇ ಕೂತು ಪೇಪರ್ ಬಿಡಿಸಿದಳು. ಬೆಂಕಿಪೊಟ್ಟಣದಷ್ಟು ಅಗಲದ ಕಪ್ಪು ಬಿಳುಪು ಚಿತ್ರ. ಹರಿಹರದಲ್ಲಿ ಭಾನುವಾರ ಶುರುವಾಗುವ ಚಿತ್ರಪ್ರದರ್ಶನದ ಸುದ್ದಿಯ ಜೊತೆ ಹಾಕಿದ್ದರು.

"ಇದು ನಾನೇ ಅಂತೆ."

"ಯಾರಂದ್ರು? ಅದಕ್ಕೆ ಮುಖಾನೇ ಇಲ್ವಲ್ಲೇ."

"ಮುಖ ಯಾರಿಗೆ ಬೇಕ್ರಿ? ಭಟ್ಟಿ ಹೊಗಿಯಾಗ ಯಾರ ಮುಖ ಯಾರಿಗೆ ಕಾಣ್ತೈತೆ? ನಾವು ಕೈ ನೋಡೇ ಮಾತಾಡ್ಸೋದು. ಇಡೀ ಓಣ್ಯಾಗ ಎಡಗೈಲಿ ಜರಡಿ ಆಡಿಸಾಕಿ ನಾನೊಬ್ಬಳೇ."

ನುಜತ್ ನಲ್ಲಿ ನಿಲ್ಲಿಸಿದಳು. ಚಿತ್ರದ ಹೆಂಗಸಿಗೆ ಮುಖದ ಜಾಗದಲ್ಲಿ ಜರಡಿಯಿತ್ತು. ಹಿಂದಿನ ಒಲೆಯ ಬೆಳಕು ಅದರ ತೂತುಗಳಿಂದ ತೂರಿ ಅವಳ ಎದೆಯ ಮೇಲೆ ಚುಕ್ಕೆಚುಕ್ಕೆಯಾಗಿ ಬಿದ್ದಿತ್ತು. ಬಿಚ್ಚಿದ ತಲೆ, ಮೊಣಕಾಲವರೆಗೆ ಎತ್ತಿ ಕಟ್ಟಿದ ಸೀರೆ. ಜರಡಿ ಹಿಡಿದ ಎಡಗೈಯ ಮಣಿಕಟ್ಟಿನ ಮೇಲೆ ಮಂಡಕ್ಕಿ ಹುರಿಯುವ ಕಾದ ಉಸುಕು ಸುಟ್ಟ ಕಲೆ. ಆ ಕೈಯನ್ನು ಬರೆಯಲು ನುಜತ್ ಹನ್ನೊಂದು ದಿನ ತೆಗೆದುಕೊಂಡಿದ್ದಳು.

"ಹುಮಾನ ಮಂಗ್ನಿ ಮುಂದಿನ ವಾರ ಐತಲ್ರಿ," ಎಂದಳು ತಸ್ಲೀಮ್. ಹುಮಾ ಅವಳ ಮಗಳು. ನಿಶ್ಚಿತಾರ್ಥಕ್ಕೆ ಒಪ್ಪಿದ್ದ ಹುಡುಗನದು ಹರಿಹರದಲ್ಲಿ ಟ್ರಂಕಿನ ಅಂಗಡಿ. "ಹುಡುಗನ ಅತ್ತಿ ನಿಖತ್ ಈ ಪೇಪರ್ ನೋಡ್ಯಾಳ. ತಲಿ ಬಿಟ್ಟು, ಕಾಲು ತೋರಿಸಿ ಚಿತ್ರಕ್ಕೆ ನಿಂತಾಕಿ ಮಗಳು ನಮ್ಮನಿಗೆ ಬ್ಯಾಡ ಅಂತಾಳ. ಭಾನುವಾರ ಹೋಗಿ ಕಣ್ಣಾರೆ ನೋಡಿ ಆಮೇಲೆ ಮಾತು ಅಂತಾಳ."

"ಅವಳಿಗೆ ನಿನ್ನ ಕೈ ಹೆಂಗೆ ಗೊತ್ತು?"

"ಗೊತ್ತಿರಲ್ದೆ ಏನ್ರಿ? ಮದುವಿಗೆ ಮುಂಚೆ ನಾಲ್ಕು ವರ್ಷ ನನ್ನ ಮಗ್ಗಲಾಗೇ ನಿಂತು ಉಸುಕು ಜರಡಿ ಹಿಡಿದಾಕಿ ಅವಳು. ಈಗ ಭಟ್ಟಿ ಅಂದ್ರೆ ಅದ್ಯಾವ ಊರಾಗೈತೆ ಅಂತ ಕೇಳ್ತಾಳ."

ಇಬ್ಬರಿಗೂ ನಗು ಬಂತು. ತಸ್ಲೀಮಳ ನಗು ಮೊದಲು ನಿಂತಿತು.

"ಆ ಚಿತ್ರ ಕಳಿಸೋದಿಲ್ಲ ಬಿಡು," ಎಂದಳು ನುಜತ್. "ಈಗಲೇ ಫೋನ್ ಮಾಡಿ ಹೇಳ್ತೀನಿ."

"ಬ್ಯಾಡ್ರಿ! ಪೇಪರ್‌ನಾಗ ಬಂದಿದ್ದು ಗ್ವಾಡಿ ಮ್ಯಾಲೆ ಇಲ್ಲಾಂದ್ರೆ, ನಾನೇ ಹೇಳಿ ತೆಗೆಸೀನಿ ಅಂತ ಖಾತ್ರಿ ಆಗ್ತೈತೆ ಅವಳಿಗೆ."

"ಮತ್ತೇನು ಮಾಡ್ಲೇ?"

"ನನಗೇನು ಗೊತ್ತು? ಬರೆದಾಕಿ ನೀವು." ಪೇಪರನ್ನು ಮತ್ತೆ ನಾಲ್ಕು ಮಡಿಕೆ ಮಾಡಿ ಎದ್ದಳು. ಬಾಗಿಲವರೆಗೆ ಹೋಗಿ ನಿಂತಳು. "ಎಡಗೈಲಿ ಉಣ್ಣಬ್ಯಾಡ ಅಂತ ಅಮ್ಮಿ ಬಡಿದೂ ಬಡಿದೂ ಸಾಕಾಗಿದ್ದ ಕೈ ಇದು. ಚೆಂದ ಐತೆ ಅಂದಿದ್ದು ನೀವೊಬ್ಬರೇ. ಅದಕ್ಕೇ ನಿಂತೆ ನಾನು."

ಅವಳು ಹೋದ ಮೇಲೆ ನುಜತ್ ಒದ್ದೆ ಕೈಯಲ್ಲೇ ಹಿಂದಿನ ಕೋಣೆಗೆ ಬಂದಳು. ಚಿತ್ರ ಗೋಡೆಗೆ ಒರಗಿತ್ತು. ಮುಖ ಬರೆದರೆ ಅದಕ್ಕೆ ಜೀವ ಕೊಡು ಎಂದು ನಾಳೆ ತೀರ್ಪಿನ ದಿನ ಅಲ್ಲಾ ಕೇಳುತ್ತಾನೆ, ಎಂದು ಅಬ್ಬಾ ಹೇಳುತ್ತಿದ್ದರು. ಅವರಿದ್ದಷ್ಟು ದಿನ ಅವರಿಗಾಗಿ, ಆಮೇಲೆ ಅಭ್ಯಾಸವಾಗಿ, ಅವಳು ಯಾರಿಗೂ ಮುಖ ಬರೆಯಲಿಲ್ಲ. ಕೊಡ, ಬೀಗ, ಮುಚ್ಚಿದ ಕಿಟಕಿ, ಜರಡಿ, ಏನಾದರೊಂದನ್ನು ಅಲ್ಲಿಡುತ್ತಿದ್ದಳು. ಹೆಣ್ಣಿನ ಕಳೆದುಹೋದ ಗುರುತು ಎಂದು ಪೇಪರಿನವರು ಬರೆದರು. ಗಂಡ ನೌಮಾನ್ ಮಸೀದಿಯ ಮುಂದಿನ ಚಹಾದಂಗಡಿಯಲ್ಲಿ, "ನಮ್ಮಾಕಿ ಮುಖ ಬರಿಯಲ್ಲಪ್ಪ," ಎಂದು ಹೇಳಿಕೊಂಡು ಹಗುರಾದ. ಮುಖವಿಲ್ಲದಿದ್ದರೆ ಯಾರಿಗೂ ಏನೂ ಆಗುವುದಿಲ್ಲವೆಂದು ಅವಳೂ ನಂಬಿದಳು. ಇಪ್ಪತ್ತು ವರ್ಷದಲ್ಲಿ ಅದೆಷ್ಟು ಹೆಂಗಸರ ಬೆನ್ನು, ಪಾದ, ತೋಳು ಈ ಗೋಡೆಗೆ ಒರಗಿದ್ದವು. ಅವಳದು ಮಾತ್ರ ಮೂಲೆಯಲ್ಲೊಂದು ಸಹಿ.

ಕುಕ್ಕರ್ ಕೂಗಿತು. ಅದರ ಹಿಂದೆಯೇ ಫೋನು. ಪ್ರದರ್ಶನ ಏರ್ಪಡಿಸಿದ್ದ ವಿಜಯಕುಮಾರ್.

"ಮೇಡಂ, ಶನಿವಾರ ಹತ್ತು ಗಂಟೆಗೆ ಟೆಂಪೋ ಕಳಿಸ್ತೀನ್ರಿ. ಆ ಜರಡಿ ಚಿತ್ರ ಬಾಗಿಲ ಎದುರಿಗೇ ಹಾಕೋದು. ಎಲ್ಲಾ ಅದನ್ನೇ ಕೇಳ್ತಾ ಇದಾರೆ."

"ಆಗಲಿ ಸರ್," ಎಂದಳು. ಹೋಗಿ ಒಲೆ ಆರಿಸಿದಳು.

ಉಳಿದ ಕುಂಚ ತೊಳೆದು ಮುಗಿಸಲು ಬಚ್ಚಲಿಗೆ ಹೋದಳು. ಒಂದನ್ನು ಬೆಳಕಿಗೆ ಹಿಡಿದು ಬಣ್ಣ ಹೋಗಿದೆಯೇ ಎಂದು ನೋಡುವಾಗ ಎದುರಿನ ಕನ್ನಡಿಯಲ್ಲಿ ತನ್ನನ್ನೇ ಕಂಡಳು. ಸೋತ ಮುಖ, ನಲವತ್ತೆಂಟು ವರ್ಷದ ಕಣ್ಣು, ಜಾರಿದ ತಲೆಸೆರಗು. ಕುಂಚವಿದ್ದದ್ದು ಬಲಗೈಯಲ್ಲಿ. ಕನ್ನಡಿಯಲ್ಲಿದ್ದವಳು ಅದನ್ನು ಎಡಗೈಯಲ್ಲಿ ಹಿಡಿದಿದ್ದಳು.

ನುಜತ್ ಕುಂಚವನ್ನು ಆಚೀಚೆ ಆಡಿಸಿ ನೋಡಿದಳು.

ಚಿತ್ರಕಾರರು ತಮ್ಮನ್ನು ಬರೆದುಕೊಳ್ಳುವುದು ಕನ್ನಡಿ ನೋಡಿಕೊಂಡೇ. ಅವರ ಬಲಗೈ ಎಡಗೈಯಾಗಿ ಇಳಿಯುತ್ತದೆ. ಅದು ಯಾಕೆಂದು ಯಾರೂ ಕೇಳುವುದಿಲ್ಲ. ಜರಡಿಯನ್ನು ಗಲ್ಲದ ಕೆಳಗೆ ಇಳಿಸಿ, ಅದಿದ್ದಲ್ಲಿ ತನ್ನ ಮುಖ ಬರೆಯಬಹುದು. ಮಣಿಕಟ್ಟಿನ ಕಲೆಯ ಮೇಲೆ ನೀಲಿ ಬಣ್ಣ ಸಿಡಿದಂತೆ ಮಾಡಬಹುದು. ಅಕ್ರಿಲಿಕ್ ಬಣ್ಣ, ಒಂದು ಹೊತ್ತಿನಲ್ಲಿ ಒಣಗುತ್ತದೆ. ಪೇಪರಿನಲ್ಲಿ ಬಂದದ್ದು ಚಿತ್ರ ಮುಗಿಯುವ ಮುಂಚಿನ ಫೋಟೋ ಎಂದರಾಯಿತು. ನಿಖತ್ ಬಂದು ಎಷ್ಟು ಹೊತ್ತು ನಿಂತು ನೋಡಿದರೂ ಅಲ್ಲಿ ತಸ್ಲೀಮ್ ಇರುವುದಿಲ್ಲ.

ಇರುವವಳು ಡ್ರಾಯಿಂಗ್ ಟೀಚರ್ ನುಜತ್. ಬಿಚ್ಚಿದ ತಲೆಯಲ್ಲಿ, ಮೊಣಕಾಲವರೆಗೆ ಎತ್ತಿದ ಸೀರೆಯಲ್ಲಿ, ಬಾಗಿಲ ಎದುರಿಗೆ. ತಮ್ಮ ಹಮ್ಜಾನ ಮನೆ ಪ್ರದರ್ಶನದ ಸಭಾಂಗಣದಿಂದ ಐದು ನಿಮಿಷದ ದಾರಿ. ಶಾಲೆಯಲ್ಲಿ ಸೋಮವಾರದ ಹೊತ್ತಿಗೆ ಎಲ್ಲರ ಫೋನಿನಲ್ಲೂ ಆ ಚಿತ್ರ ಬಂದಿರುತ್ತದೆ. ಚಹಾದಂಗಡಿಯಲ್ಲಿ ನೌಮಾನ್‌ಗೆ ಹೇಳಲು ಮಾತಿರುವುದಿಲ್ಲ. ಒಂದೊಂದನ್ನೂ ಯೋಚಿಸಿದಳು. ಹೆದರಿಕೆಗಿಂತ ದಣಿವೇ ಹೆಚ್ಚಾಗಿತ್ತು.

ಹೊರಗೆ ಚಪ್ಪಲಿ ಬಿಟ್ಟ ಸದ್ದು.

"ತಸ್ಲೀಮ್ ಹೋಗೋದು ಕಂಡೆ. ಏನಂತೆ?" ಎಂದ ನೌಮಾನ್.

"ಮಗಳ ಮಂಗ್ನಿ ಮಾತು."

"ಮತ್ತೆ ಆ ಕನ್ನಡಿ ಯಾಕ ತೆಗೀತಿದೀ?"

"ಒರೆಸಬೇಕು. ಸಾಬೂನು ಸಿಡಿದೈತೆ."

"ಮೊದಲು ಊಟಕ್ಕೆ ನೋಡು ಮಾರಾಯ್ತಿ, ಹಸಿದು ಬಂದೀನಿ," ಎಂದು ಅವನು ಕೈಕಾಲು ತೊಳೆಯಲು ಹಿತ್ತಲಿಗೆ ಹೋದ.

ಕನ್ನಡಿಯನ್ನು ಹಿಂದಿನ ಕೋಣೆಗೆ ಒಯ್ದು ಚಿತ್ರದ ಪಕ್ಕ ಒರಗಿಸಿದಳು. ಶಾಲೆಗೆ ನಾಳೆ ರಜೆ ಎಂದು ಫೋನಿನಲ್ಲಿ ಒಂದು ಸಾಲು ಕಳಿಸಿದಳು, ಕಾರಣ ಬರೆಯಲಿಲ್ಲ. ತೊಳೆದ ಕುಂಚಗಳಲ್ಲಿ ಎಲ್ಲಕ್ಕಿಂತ ಸಣ್ಣದು, ಇಷ್ಟು ವರ್ಷ ಎಲೆಯ ನರ ಎಳೆಯುವುದಕ್ಕಷ್ಟೇ ಬಳಸಿದ್ದು. ಅದನ್ನು ಕಣ್ಣು ಬರೆಯಲೆಂದು ಬೇರೆ ತೆಗೆದಿಟ್ಟು, ಬೇಳೆಗೆ ಒಗ್ಗರಣೆ ಹಾಕಲು ಹೋದಳು.