ಹಿಮದ ಗುಡ್ಡೆಯಲ್ಲಿ ಒಂದು ಕುಂಡ

ಯಾವ ಜೀವವೂ ಚಳಿಯಲ್ಲಿರುವುದನ್ನು ಇಂದುಮತಿ ನೋಡಲಾರಳು. ಅದು ಗುಣವೋ ರೋಗವೋ ದೇವರೇ ಬಲ್ಲ. ಹಿಮದ ನಾಡಿನ ಸೊಲ್ಲೆಂಟುನಾ ಊರಿನಲ್ಲಿ, ಡಾಗಿಸ್ ಎನ್ನುವ ಶಿಶುವಿಹಾರದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ಮೊದಲ ವಾರ, ಮೈನಸ್ ಐದರಲ್ಲಿ ಅಂಗಳದ ತಳ್ಳುಗಾಡಿಗಳಲ್ಲಿ ಮಲಗಿಸಿದ್ದ ಕೂಸುಗಳನ್ನು ಒಂದೊಂದಾಗಿ ಎತ್ತಿ ಒಳಗೆ ತಂದವಳು ಅವಳು. ಎದ್ದ ಕೂಸುಗಳೆಲ್ಲ ಒಟ್ಟಿಗೆ ರಾಗ ಎಳೆದವು. ಇಲ್ಲಿನ ಮಕ್ಕಳು ಹೊರಗಿನ ಚಳಿಯಲ್ಲೇ ನಿದ್ದೆ ಮಾಡುವುದು ಎಂದು ಮೇಲಿನವರು ತಾಳ್ಮೆಯಿಂದ ವಿವರಿಸಿದರು. ಇಂದುಮತಿ ತಲೆಯಾಡಿಸಿದಳು, ಆದರೆ ನಂಬಲಿಲ್ಲ.

ಇಂಥವಳ ಕೈಗೆ, ೨೦೧೩ರ ಫೆಬ್ರವರಿಯಲ್ಲಿ, ಪಕ್ಕದ ಮನೆಯ ಗುನ್‌ಬ್ರಿಟ್ ಒಂದು ಚಿಟಿಕೆ ಬೀಜ ಕೊಟ್ಟರು.

ಗುನ್‌ಬ್ರಿಟ್‌ಗೆ ಎಂಬತ್ತು ವರ್ಷ. ಈ ದೇಶದಲ್ಲಿ ಎಲ್ಲರನ್ನೂ ಹೆಸರು ಹಿಡಿದೇ ಕರೆಯುವುದು. ಇಂದುಮತಿಗೆ ಮಾತ್ರ ನಾಲಿಗೆ ಹೊರಳದೆ, ಅವರು ಗುನ್‌ಬ್ರಿಟ್ ಅಜ್ಜಿಯೇ ಆಗಿದ್ದರು. ಅವರ ಮೆಟ್ಟಿಲ ಪಕ್ಕದಲ್ಲಿ ನಲವತ್ತು ವರ್ಷದಿಂದ ಒಂದು ಪ್ರಿಮುಲಾ ಗಿಡವಿತ್ತು. ಔರಿಕೆಲ್ ಎಂಬ ಜಾತಿ. ದಪ್ಪ ಎಲೆ, ಎಲೆಯ ಮೇಲೆ ಹಿಟ್ಟು ಉದುರಿಸಿದ ಹಾಗೆ ಬಿಳಿ ಪುಡಿ, ಮೇ ತಿಂಗಳು ಬಂತೆಂದರೆ ಹಳದಿ ಹೂಗೊಂಚಲು. ಅವರ ತಾಯಿ ಸಾಕಿದ ಗಿಡದ ಸಂತಾನ. ಮೈನಸ್ ಇಪ್ಪತ್ತಕ್ಕೂ ಜಗ್ಗದ ಆ ಗಿಡ, ಹಿಂದಿನ ವರ್ಷ ಬಿಡದೆ ಸುರಿದ ಮಳೆಗೆ ಬೇರು ಕೊಳೆತು ಹೋಗಿತ್ತು. ಉಳಿದದ್ದು ಹಳೇ ಲಕೋಟೆಯೊಳಗಿನ ಬೀಜ ಮಾತ್ರ.

"ನನ್ನ ಕೈ ನಡುಗುತ್ತೆ, ಬಿತ್ತೋಕಾಗಲ್ಲ," ಎಂದರು ಗುನ್‌ಬ್ರಿಟ್. "ಕುಂಡದ ಮಣ್ಣಿನ ಮೇಲೆ ಹಿಮ ಹಾಕು, ಹಿಮದ ಮೇಲೆ ಬೀಜ ಉದುರಿಸು, ಹೊರಗಿಡು. ಆಮೇಲೆ ಮುಟ್ಟಬೇಡ. ಮೇನಲ್ಲಿ ನಾನು ವೃದ್ಧಾಶ್ರಮಕ್ಕೆ ಹೋಗ್ತೀನಿ. ಜೊತೆಗೆ ಒಂದು ಸಸಿ ಇದ್ರೆ ಸಾಕು."

ಹಿಮದ ಮೇಲೆ ಬಿತ್ತನೆ. ಅಜ್ಜಿಗೆ ಅರಳುಮರಳು ಅಂದುಕೊಂಡೇ ಇಂದುಮತಿ ಹೇಳಿದಂತೆ ಮಾಡಿದಳು. ಗಸಗಸೆಗಿಂತ ಸಣ್ಣ ಕರಿ ಕಾಳುಗಳು ಬೆಳ್ಳಗಿನ ಹಿಮದ ಮೇಲೆ ಕೂತವು. ಮೂರನೆಯ ದಿನ ಬೆಳಿಗ್ಗೆ ಕಿಟಕಿಯಾಚೆಯ ಥರ್ಮಾಮೀಟರು ಮೈನಸ್ ಹದಿನೆಂಟು ತೋರಿಸಿತು. ಅವಳು ಚಪ್ಪಲಿ ಮೆಟ್ಟಿ ಓಡಿಹೋಗಿ ಕುಂಡ ಎತ್ತಿ ತಂದು, ಇಡ್ಲಿ ಹಿಟ್ಟು ಹುದುಗಲು ಇಡುವ ಜಾಗದಲ್ಲೇ, ಹೀಟರಿನ ಪಕ್ಕದಲ್ಲಿ ಇಟ್ಟಳು.

"ಅವರು ಹೊರಗಿಡು ಅಂದಿದ್ರಲ್ವೇನೆ?" ಎಂದ ಗಂಡ ಶೇಷಾದ್ರಿ.

"ಹೆಸರುಕಾಳು ಮೊಳಕೆ ಬರೋದು ಬೆಚ್ಚಗಿದ್ರೆ ತಾನೆ? ಕಂಪ್ಯೂಟರ್ ಮುಂದೆ ಕೂರೋರಿಗೆ ಅದೆಲ್ಲ ಗೊತ್ತಾಗಲ್ಲ, ಬಿಡ್ರೀ."

ಹಿಟ್ಟು ವಾರ ವಾರವೂ ಪಾತ್ರೆ ತುಂಬಿ ಉಕ್ಕಿತು. ಪಕ್ಕದ ಕುಂಡ ಮಾತ್ರ ಕಮಕ್ ಕಿಮಕ್ ಎನ್ನಲಿಲ್ಲ. ಬೇಲಿಯಾಚೆಯಿಂದ ಗುನ್‌ಬ್ರಿಟ್ "ಹೇಗಿದೆ?" ಎಂದು ಕೇಳಿದಾಗಲೆಲ್ಲ, "ಹಿಮದಡಿ ಮಲಗಿದೆ ಅಜ್ಜಿ" ಎಂದು ಸುಳ್ಳು ಹೇಳಿದಳು. ನಾಲ್ಕು ವಾರ ಕಳೆಯಿತು. ಒಬ್ಬ ತಾಯಿ, ಒಬ್ಬ ಮಗಳು, ಇಬ್ಬರೂ ಜೋಪಾನ ಮಾಡಿದ್ದನ್ನು ತಾನು ಹೀಟರಿನಲ್ಲಿ ಸುಟ್ಟೆನೆಂದು ಅವಳಿಗೆ ಅನ್ನ ಸೇರದಾಯಿತು. ಮಾಡಿದ್ದುಣ್ಣೋ ಮಹರಾಯ ಅಂತ ತನಗೆ ತಾನೇ ಹೇಳಿಕೊಂಡು, ಮಾರ್ಚಿನ ಒಂದು ಮಧ್ಯಾಹ್ನ ಕುಂಡ ಎತ್ತಿಕೊಂಡು ಪಕ್ಕದ ಮನೆಗೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡಳು.

ಗುನ್‌ಬ್ರಿಟ್ ಕುಂಡವನ್ನು ಹತ್ತಿರ ಎಳೆದುಕೊಂಡು ಮಣ್ಣನ್ನು ಬೆರಳಿನಿಂದ ಒತ್ತಿ ನೋಡಿದರು. 

"ಸತ್ತಿಲ್ಲ," ಎಂದರು. "ಅದಕ್ಕೆ ಇನ್ನೂ ಚಳಿಗಾಲ ಬಂದಿಲ್ಲ, ಅಷ್ಟೇ. ಬೆಚ್ಚಗಾದ ತಕ್ಷಣ ಮೊಳೆತುಬಿಟ್ರೆ ಮುಂದಿನ ಚಳಿಗೆ ಸಾಯುತ್ತೆ ಅಂತ ಅದಕ್ಕೆ ಗೊತ್ತು. ಚಳಿಗಾಲ ಪೂರ್ತಿ ಕಳೀತು ಅಂತ ಖಾತ್ರಿಯಾಗೋವರೆಗೂ ಅದು ಬಾಗಿಲು ತೆಗೆಯಲ್ಲ."

ಇಂದುಮತಿ ಕುಂಡದೊಳಗೆ ಇಣುಕಿದಳು. ಕಣ್ಣಿಗೂ ಕಾಣದ ಕಾಳು. ಅದಕ್ಕೆ ಮಿದುಳಿಲ್ಲ, ಪಂಚಾಂಗವಿಲ್ಲ. ಆದರೂ ಹೊರಗೆ ಎಷ್ಟು ದಿನ ಚಳಿಯಿತ್ತೆಂದು ಲೆಕ್ಕ ಇಡುತ್ತದೆ, ಹೀಟರಿನ ಆಸೆಗೆ ಮೋಸ ಹೋಗುವುದಿಲ್ಲ. 

"ಎಷ್ಟು ದಿನ ಬೇಕು ಅಜ್ಜಿ?"

"ಐದಾರು ವಾರ. ಆದರೆ ಅಂಗಳದ ಹಿಮ ಅಷ್ಟು ದಿನ ಉಳಿಯಲ್ಲ."

ಉಳಿಯುವ ಹಿಮ ಒಂದೇ ಕಡೆ ಇತ್ತು. ಚಳಿಗಾಲವಿಡೀ ಯಂತ್ರದಿಂದ ಬಾಚಿ ಕಾರ್ ಪಾರ್ಕಿಂಗಿನ ಮೂಲೆಗೆ ತಳ್ಳಿದ, ಆಳೆತ್ತರದ ಕೊಳಕು ಗುಡ್ಡೆ. ಇಂದುಮತಿ ಡಾಗಿಸ್‌ನ ಮಕ್ಕಳ ಸಲಿಕೆ ಹಿಡಿದು, ಬಿಸಿಲು ಬೀಳದ ಬದಿಯಲ್ಲಿ ಗೂಡು ತೋಡಿ, ಕುಂಡವನ್ನು ಅದರೊಳಗೆ ಹೂತಳು.

"ಊರಿಗೊಂದು ದಾರಿಯಾದ್ರೆ ಎಡವಟ್ಟನಿಗೊಂದು ದಾರಿ," ಎಂದ ಶೇಷಾದ್ರಿ. ಹಾಗೆಂದವನೇ ಬಸ್ಸಿಗೆ ಹೋಗುವಾಗ ದಿನವೂ ಗುಡ್ಡೆಯನ್ನು ಒಮ್ಮೆ ಸುತ್ತಿ ಬರುತ್ತಿದ್ದ.

ಸುತ್ತಲೂ ನೆಲ ಒಣಗಿತು, ಮಕ್ಕಳು ಸೈಕಲ್ ತೆಗೆದರು. ಗುಡ್ಡೆ ಕರ್ರಗೆ, ಮೊಂಡಾಗಿ ಕೂತೇ ಇತ್ತು. ಏಪ್ರಿಲ್ ಕೊನೆಗೆ ಅದು ಕರಗಿ, ಕೆಸರಿನ ನಡುವೆ ಕುಂಡ ತಲೆ ಎತ್ತಿತು. ಅದರಲ್ಲಿ ಬರೀ ಮಣ್ಣು. ಅದನ್ನು ತನ್ನ ಮನೆಯ ಮೆಟ್ಟಿಲ ನೆರಳಲ್ಲಿಟ್ಟು ಎರಡು ವಾರ ಬೆಳಿಗ್ಗೆ ಸಂಜೆ ನೋಡಿದಳು. ಗುನ್‌ಬ್ರಿಟ್ ಮನೆಯಲ್ಲಿ ರಟ್ಟಿನ ಪೆಟ್ಟಿಗೆಗಳು ತುಂಬತೊಡಗಿದವು. ಹೊರಡಲು ನಾಲ್ಕು ದಿನವಿದೆ ಎನ್ನುವಾಗ, ಡಾಗಿಸ್‌ಗೆ ಹೊರಟವಳು ಬಗ್ಗಿ ನೋಡಿ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಸಾಸಿವೆಯಷ್ಟಗಲದ ಹಸಿರು ಎಲೆ, ಜೋಡಿ ಜೋಡಿಯಾಗಿ. ಏಳು ಸಸಿ. ಅವಳಿಗೆ ಗೊತ್ತಿಲ್ಲದಂತೆ ಕೈ ಮುಗಿದಿತ್ತು. ಅವತ್ತು ಕೆಲಸಕ್ಕೆ ತಡವಾಯಿತು. ಅಂಗಳದಲ್ಲಿ ಮಲಗಿದ್ದ ಕೂಸುಗಳ ಕೆಂಪು ಕೆನ್ನೆಗಳನ್ನು ಅವಳು ಮೊದಲ ಸಲ ಸರಿಯಾಗಿ ನೋಡಿದಳು.

ಹೊರಡುವ ದಿನ ಗುನ್‌ಬ್ರಿಟ್ ಭೂತಕನ್ನಡಿ ಹಿಡಿದು ಏಳನ್ನೂ ಪರೀಕ್ಷಿಸಿ, ಎಲ್ಲಕ್ಕಿಂತ ಬಡಕಲಾದದ್ದನ್ನು ತೋರಿಸಿದರು.

"ಅದು ಬೇಡ ಅಜ್ಜಿ, ಅದು ಉಳಿಯೋದೇ ಅನುಮಾನ. ದಪ್ಪದ್ದು ತಗೊಳ್ಳಿ."

"ಅಮ್ಮ ಹೇಳ್ತಿದ್ಲು, ನಿಧಾನದ್ದನ್ನ ಯಾವತ್ತೂ ಬಿಸಾಡಬೇಡ ಅಂತ."

ಎರಡು ವರ್ಷದ ಬಳಿಕ, ೨೦೧೫ರ ಮೇನಲ್ಲಿ, ಇಂದುಮತಿಯ ಆರು ಗಿಡಗಳು ಹೂ ಬಿಟ್ಟವು. ಮೂರು ಕೆಂಪು, ಎರಡು ಕಂದು, ಒಂದು ಕೆನೆಬಣ್ಣ. ಎಲ್ಲವೂ ಚೆಂದ, ಆದರೆ ಒಂದೂ ಹಳದಿಯಿಲ್ಲ. ಬೀಜದಿಂದ ಬಂದದ್ದು ತಾಯಿಯ ಹಾಗೇ ಇರಬೇಕೆಂದೇನೂ ಇಲ್ಲವೆಂದು ಆಮೇಲೆ ಓದಿ ತಿಳಿದಳು. ತಿಳಿದು ಏನು ಬಂತು? ಆ ಹಳದಿ ಹೋಯಿತಲ್ಲ. ಅಷ್ಟರಲ್ಲಿ ವೃದ್ಧಾಶ್ರಮದಿಂದ ಅಜ್ಜಿಯ ಫೋನ್ ಬಂತು: "ಬಾ. ಇವತ್ತೇ ಬಾ."

ಬಾಲ್ಕನಿಯ ಚಳಿಯಲ್ಲಿ ಗುನ್‌ಬ್ರಿಟ್ ಕಂಬಳಿ ಹೊದ್ದು ಕೂತಿದ್ದರು. ಎದುರಿಗೆ ಆ ಬಡಕಲು ಗಿಡ. ಅದರ ಹೂವೂ ಹಳದಿಯಲ್ಲ. ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ, ಅಂಚಿಗೆ ಬಂದಂತೆ ಬೂದಿಗೆ ತಿರುಗಿತ್ತು. ನಡುವೆ ರಂಗೋಲಿ ಪುಡಿಯಲ್ಲಿ ಎಳೆದ ಹಾಗೆ ಒಂದು ಬಿಳಿ ಬಳೆ. ಇಂದುಮತಿ ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಚಾಚಿದ ಕೈ, ಪುಡಿ ಉದುರೀತೆಂದು ನೆನಪಾಗಿ ಹಿಂದೆ ಸರಿಯಿತು.

"ನಿಮ್ಮಮ್ಮನ ಹಳದಿ ಬರಲಿಲ್ಲ ಅಜ್ಜಿ. ಅವತ್ತು ನಾನು ಒಳಗೆ ತರದೇ ಇದ್ದಿದ್ರೆ..."

"ಒಳಗೆ ತಂದಿದ್ದಕ್ಕೂ ಬಣ್ಣಕ್ಕೂ ಸಂಬಂಧ ಇಲ್ಲ. ಹಳದಿ ಕಣ್ಣು ಮುಚ್ಚಿದ್ರೂ ನನಗೆ ಕಾಣುತ್ತೆ," ಎಂದರು ಗುನ್‌ಬ್ರಿಟ್. "ಇದನ್ನ ಎಂಬತ್ತೆರಡು ವರ್ಷದಲ್ಲಿ ನೋಡಿರಲಿಲ್ಲ. ನಾನೂ ನೋಡಿಲ್ಲ, ಅಮ್ಮನೂ ನೋಡಿಲ್ಲ."

ಅವರು ನಡುಗುವ ಕೈಯಿಂದ ಹೆಸರು ಬರೆಯುವ ಮರದ ಕಡ್ಡಿಯನ್ನೂ ಪೆನ್ಸಿಲನ್ನೂ ಅವಳತ್ತ ಚಾಚಿದರು. ಹೊಸ ಗಿಡಕ್ಕೆ ಹೆಸರಿಡಬೇಕು, ಅದು ಪದ್ಧತಿ.

"ಏನಂತ ಬರೀಲಿ?"

"'ಇಂದುಮತಿಯ ತಪ್ಪು' ಅಂತ. ನಿನ್ನ ಲಿಪಿಯಲ್ಲೇ ಬರಿ."

ಇಂದುಮತಿಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಕಣ್ಣು ಒರೆಸಿಕೊಂಡು ಬರೆದು, ಕಡ್ಡಿಯನ್ನು ಎಲೆಗೆ ತಾಗದಂತೆ ಮಣ್ಣಿಗೆ ಚುಚ್ಚಿದಳು. ಗಾಳಿ ಕೊರೆಯುತ್ತಿತ್ತು. ಕುಂಡವನ್ನು ಅವಳು ಒಳಗೆ ತರಲಿಲ್ಲ. ಕುರ್ಚಿಯೊಂದನ್ನು ಎಳೆದುಕೊಂಡು, ಅಜ್ಜಿಯ ಪಕ್ಕದಲ್ಲಿ ಹೊರಗೇ ಕೂತಳು.